ಕೈಯಾಗ ಕೊಟ್ಟ ಅರ್ಜಿ ಎಲ್ಲಿ ಹೋಯ್ತು? ಪಾಲಿಕೆಗೆ ಮನವಿ, ಸಭೆಗೆ ಪ್ರಶ್ನೆ ಮುಟ್ಟಿಸೋ ದಾರಿ

ಒಂದು ಮಳೆಗಾಲದಲ್ಲಿ ನಮ್ಮ ಓಣಿಯ ಗಟಾರ ತುಂಬಿ, ಹೊಲಸು ನೀರು ಹೊಸ್ತಿಲ ತನಕ ಬಂತು. ಓಣಿಯವರೆಲ್ಲ ಸೇರಿ ಅರ್ಜಿ ಬರೆದೆವು. ಇಪ್ಪತ್ತೆಂಟು ಸಹಿ ಬಿದ್ದವು. ನಾನೇ ತೆಗೆದುಕೊಂಡು ಹೋಗಿ ಕೊಟ್ಟು ಬಂದೆ. ಎರಡು ತಿಂಗಳು ಕಾದು ಮತ್ತೆ ಹೋದಾಗ ಮೇಜಿನ ಆ ಕಡೆ ಕೂತಿದ್ದ ಗುಮಾಸ್ತರು ತಲೆ ಎತ್ತದೇ ಕೇಳಿದರು:

"ಯಾವ ಅರ್ಜಿರೀ? ನಂಬರ್ ಐತೇನು?"

"ನಂಬರ್ ಎಲ್ಲಿ ಬರತೈತ್ರಿ? ಸಾಹೇಬ್ರ ಕೈಯಾಗ ಕೊಟ್ಟೀನಿ."

"ಕೈಯಾಗ ಕೊಟ್ಟಿದ್ದು ಕೈಯಾಗ ಹೋತು. ಟಪಾಲಿಗೆ ಕೊಡಬೇಕಿತ್ರಿ."

ಯಾವ ಊರು, ಯಾವ ಕಚೇರಿ ಅನ್ನೋದು ಬೇಡ. ಇದು ಎಲ್ಲೂ ಆಗಬಹುದಾದ ಮಾತು. ಮಳೆ ಶುರುವಾದರೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಕಡೆ ಜನ ಗಟಾರ, ನಳ, ಬೀದಿದೀಪ ಅಂತ ಅರ್ಜಿ ಹಿಡಿದು ಓಡಾಡುತ್ತಾರೆ. ಅರ್ಜಿ ಯಾರಿಗೆ ಕೊಡಬೇಕು, ಕೊಟ್ಟ ಮೇಲೆ ಅದು ಎಲ್ಲಿಗೆ ಹೋಗುತ್ತದೆ, ಸಭೆಯಲ್ಲಿ ನಮ್ಮ ಪ್ರಶ್ನೆ ಬರುವುದು ಹೇಗೆ ಅಂತ ಕೂತು ಹೇಳಿಕೊಡುವವರು ಮಾತ್ರ ಕಡಿಮೆ.

## ಮದುವೆ ಮನೆಯ ಲೆಕ್ಕ

ಊರಿನ ಆಡಳಿತಕ್ಕೆ ಊರಿನ ಗಾತ್ರದ ಪ್ರಕಾರ ಹೆಸರು. ಬೆಳಗಾವಿ, ವಿಜಯಪುರಕ್ಕೆ ಮಹಾನಗರ ಪಾಲಿಕೆ. ಬಾಗಲಕೋಟೆಗೆ ನಗರಸಭೆ. ಅದಕ್ಕಿಂತ ಸಣ್ಣ ಊರಿಗೆ ಪುರಸಭೆ, ಇನ್ನೂ ಸಣ್ಣದಕ್ಕೆ ಪಟ್ಟಣ ಪಂಚಾಯಿತಿ. ಹಳ್ಳಿಗಳಿಗೆ ಗ್ರಾಮ ಪಂಚಾಯಿತಿ. ಪಾಲಿಕೆ ನಡೆಯುವುದು 1976ರ ಕಾಯ್ದೆಯ ಮೇಲೆ, ನಗರಸಭೆ ಮತ್ತು ಪುರಸಭೆ 1964ರ ಕಾಯ್ದೆಯ ಮೇಲೆ, ಗ್ರಾಮ ಪಂಚಾಯಿತಿ 1993ರ ಕಾಯ್ದೆಯ ಮೇಲೆ.

ಹೆಸರು ಯಾವುದೇ ಇರಲಿ, ಒಳಗೆ ಎರಡು ಭಾಗ ಇರುತ್ತವೆ. ಒಂದು, ನಾವು ಓಟು ಹಾಕಿ ಕಳಿಸಿದ ಸದಸ್ಯರ ಸಭೆ. ಬೆಳಗಾವಿ ಪಾಲಿಕೆಯಲ್ಲಿ 58 ವಾರ್ಡ್, ವಿಜಯಪುರ ಪಾಲಿಕೆಯಲ್ಲಿ 35 ವಾರ್ಡ್, ವಾರ್ಡಿಗೊಬ್ಬ ಸದಸ್ಯರು. ಇನ್ನೊಂದು ಭಾಗ ಸರ್ಕಾರಿ ನೌಕರರದ್ದು. ಪಾಲಿಕೆಯಲ್ಲಿ ಅವರ ಮುಖ್ಯಸ್ಥರು ಆಯುಕ್ತರು, ನಗರಸಭೆಯಲ್ಲಿ ಪೌರಾಯುಕ್ತರು, ಪುರಸಭೆ ಮತ್ತು ಪಟ್ಟಣ ಪಂಚಾಯಿತಿಯಲ್ಲಿ ಮುಖ್ಯಾಧಿಕಾರಿ, ಗ್ರಾಮ ಪಂಚಾಯಿತಿಯಲ್ಲಿ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ.

ಮದುವೆ ಮನೆ ನೆನೆಸಿಕೊಳ್ಳಿ. ಊಟಕ್ಕೆ ಏನೇನು ಇರಬೇಕು ಅಂತ ಮನೆಯ ಹಿರಿಯರು ಕೂತು ತೀರ್ಮಾನ ಮಾಡುತ್ತಾರೆ. ಮಾಡಿ ಬಡಿಸುವವರು ಅಡುಗೆಯವರು. ಸಾರಿಗೆ ಉಪ್ಪು ಕಡಿಮೆ ಆದರೆ ಹಿರಿಯರನ್ನು ಕರೆದು ಸಭೆ ಮಾಡಿಸುವುದಿಲ್ಲ, ಸೀದಾ ಅಡುಗೆಯವರಿಗೆ ಹೇಳುತ್ತೀರಿ. ಆದರೆ ಹೋಳಿಗೆಯೇ ಇಲ್ಲ, ಹೋಳಿಗೆ ಬೇಕು ಅಂದರೆ ಅಡುಗೆಯವರಿಗೆ ಹೇಳಿ ಪ್ರಯೋಜನ ಇಲ್ಲ. ಅದು ಖರ್ಚಿನ ಮಾತು, ಹಿರಿಯರು ಒಪ್ಪಬೇಕು.

ಇಲ್ಲೂ ಹಾಗೇ. ಇದ್ದ ಗಟಾರ ಕಟ್ಟಿಕೊಂಡಿದೆ, ದೀಪ ಹತ್ತುತ್ತಿಲ್ಲ, ಕಸದ ಗಾಡಿ ಬರುತ್ತಿಲ್ಲ ಅಂದರೆ ಅದು ದೂರು. ಅಧಿಕಾರಿಗಳೇ ಸರಿ ಮಾಡಬೇಕು, ಸಭೆಯ ಒಪ್ಪಿಗೆ ಬೇಕಿಲ್ಲ. ಗಟಾರವೇ ಇಲ್ಲ, ಹೊಸದಾಗಿ ಕಟ್ಟಿಸಿ ಅಂದರೆ ಅದು ಮನವಿ. ಅದಕ್ಕೆ ದುಡ್ಡು ಬೇಕು, ಸಭೆಯ ಮಂಜೂರಾತಿ ಬೇಕು. ಖಾತೆ ಬದಲಾವಣೆ, ಜನನ ಪ್ರಮಾಣಪತ್ರ, ಕಟ್ಟಡ ಪರವಾನಗಿ ಇವು ಮೂರನೇ ಬಗೆ, ಸೇವೆಯ ಅರ್ಜಿ. ಕಾಗದಪತ್ರ ಸರಿ ಇದ್ದರೆ ನಿಮಗೆ ಸಿಗಲೇಬೇಕಾದವು. ಕೊನೆಯದು ಪ್ರಶ್ನೆ: ಹೋದ ವರ್ಷ ನಮ್ಮ ವಾರ್ಡಿಗೆ ಎಷ್ಟು ದುಡ್ಡು ಬಂತು, ಎಲ್ಲಿ ಹೋಯಿತು?

ನಾವು ಈ ನಾಲ್ಕನ್ನೂ ಒಂದೇ ಹಾಳೆಯಲ್ಲಿ ಬರೆದು ಕೊಡುತ್ತೇವೆ. ಗಟಾರ ಮೇಲೆ, ಅದರ ಕೆಳಗೆ ನಾಯಿ ಕಾಟ, ಅದರ ಕೆಳಗೆ ಖಾತೆ. ಅರ್ಧ ಅರ್ಜಿಗಳು ದಾರಿ ತಪ್ಪುವುದು ಇಲ್ಲೇ.

## ಹಳ್ಳಿಯಲ್ಲಿ ಕೇಳಬಹುದು, ಪಟ್ಟಣದಲ್ಲಿ ಕೇಳಿಸಬೇಕು

ಇದು ಬಹಳ ಜನರಿಗೆ ಗೊತ್ತಿಲ್ಲದ ವ್ಯತ್ಯಾಸ. ನನಗೂ ತಡವಾಗಿಯೇ ತಿಳಿದದ್ದು.

ಗ್ರಾಮ ಪಂಚಾಯಿತಿಯಲ್ಲಿ ಗ್ರಾಮಸಭೆ ಇದೆ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರು. ಆರು ತಿಂಗಳಿಗೆ ಒಮ್ಮೆಯಾದರೂ ಅದನ್ನು ಕರೆಯಬೇಕು. ಅದಕ್ಕೂ ಮೊದಲು ವಾರ್ಡ್ ಸಭೆ ನಡೆಸಬೇಕು. ಮನೆ ಯಾರಿಗೆ ಕೊಡಬೇಕು, ಯಾವ ಕೆಲಸ ಮೊದಲು ಆಗಬೇಕು ಅನ್ನೋದು ಅಲ್ಲಿ ಚರ್ಚೆ ಆಗಬೇಕು. ಅಲ್ಲಿ ನೀವು ಎದ್ದು ನಿಂತು "ಬೋರ್‌ವೆಲ್ ರಿಪೇರಿಗೆ ಎಷ್ಟು ಖರ್ಚಾತ್ರಿ?" ಅಂತ ಕೇಳಬಹುದು. ಸುಮ್ನೆ ಕೂಡ್ರು ಅನ್ನುವ ಹಕ್ಕು ಯಾರಿಗೂ ಇಲ್ಲ. ವರ್ಷಕ್ಕೊಮ್ಮೆ ಜಮಾಬಂದಿ ಅಂತ ನಡೆಯುತ್ತದೆ. ಅವತ್ತು ಪಂಚಾಯಿತಿಯ ಲೆಕ್ಕಪತ್ರ ಜನರ ಮುಂದೆ ಇಡಬೇಕು.

ಪಾಲಿಕೆ, ನಗರಸಭೆಯ ಸಾಮಾನ್ಯ ಸಭೆ ಹಾಗಲ್ಲ. ಅದು ಸದಸ್ಯರ ಸಭೆ. ಜನ ಸಾಮಾನ್ಯವಾಗಿ ಹೋಗಿ ಕೂತು ನೋಡಬಹುದು. ಮಾತಾಡುವಂತಿಲ್ಲ. ಅಲ್ಲಿ ಮಾತಾಡುವವರು ವಾರ್ಡಿನ ಸದಸ್ಯರು, ಸ್ಥಳೀಯ ಶಾಸಕರು, ಸಂಸದರು. ಅಧಿಕಾರಿಗಳು ಉತ್ತರ ಕೊಡುತ್ತಾರೆ. ಹಾಗಾಗಿ ಪಟ್ಟಣದವರು ತಮ್ಮ ಪ್ರಶ್ನೆಯನ್ನು ಸದಸ್ಯರ ಬಾಯಿಂದಲೇ ಕೇಳಿಸಬೇಕು.

ವಿಜಯಪುರ ಜಿಲ್ಲೆಯ ಮನಗೂಳಿ, ಕೊಲ್ಹಾರ, ನಿಡಗುಂದಿ ಊರುಗಳನ್ನೇ ನೋಡಿ. ಮೊದಲು ಅಲ್ಲಿ ಗ್ರಾಮ ಪಂಚಾಯಿತಿ ಇತ್ತು, ಈಗ ಪಟ್ಟಣ ಪಂಚಾಯಿತಿ. ಊರು ಮೇಲ್ದರ್ಜೆಗೆ ಏರಿತು ಅಂತ ಖುಷಿ ಪಡುವ ಹೊತ್ತಿಗೆ, ಎದ್ದು ನಿಂತು ಕೇಳುವ ಗ್ರಾಮಸಭೆ ಕೈಬಿಟ್ಟು ಹೋಗಿರುತ್ತದೆ. ಇದನ್ನು ಫ್ಲೆಕ್ಸ್ ಹಾಕಿಸಿ ಯಾರೂ ಹೇಳುವುದಿಲ್ಲ.

ಪಟ್ಟಣದವರಿಗೆ ಏನೂ ಇಲ್ಲ ಅಂತಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯ ಪ್ರಕಾರ 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನಸಂಖ್ಯೆ ಇರುವ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕು. 2011ರ ಜನಗಣತಿಯಲ್ಲೇ ಬೆಳಗಾವಿ, ವಿಜಯಪುರ ಎರಡೂ ಈ ಗೆರೆ ದಾಟಿವೆ. ಒಂದು ಲಕ್ಷ ಚಿಲ್ಲರೆ ಜನರಿದ್ದ ಬಾಗಲಕೋಟೆ ದಾಟಿರಲಿಲ್ಲ. ವಾರ್ಡ್ ಸಮಿತಿಗೆ ಆ ವಾರ್ಡಿನ ಸದಸ್ಯರೇ ಅಧ್ಯಕ್ಷರು, ವಾರ್ಡಿನ ನಿವಾಸಿಗಳು ಸದಸ್ಯರು. ನಿಮ್ಮ ವಾರ್ಡಿನಲ್ಲಿ ಸಮಿತಿ ಆಗಿದೆಯೋ ಇಲ್ಲವೋ, ಆಗಿದ್ದರೆ ಯಾರಿದ್ದಾರೆ ಅನ್ನೋದೇ ಪಾಲಿಕೆಗೆ ಕೇಳಬಹುದಾದ ಒಳ್ಳೆಯ ಮೊದಲ ಪ್ರಶ್ನೆ.

ಇನ್ನೊಂದು ಬಾಗಿಲು ಬಜೆಟ್ ಪೂರ್ವಭಾವಿ ಸಭೆ. ಹಣಕಾಸು ವರ್ಷ ಏಪ್ರಿಲ್ 1ಕ್ಕೆ ಶುರು. ಅದಕ್ಕೂ ಮುಂಚೆ, ಚಳಿಗಾಲದ ಹೊತ್ತಿಗೆ, ಬಜೆಟ್‌ಗೆ ಸಲಹೆ ಕೊಡಿ ಅಂತ ಜನರನ್ನು ಕರೆಯುತ್ತಾರೆ. ಪ್ರಕಟಣೆ ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಬರುತ್ತದೆ. ಸಂಘ ಸಂಸ್ಥೆಯವರು, ವ್ಯಾಪಾರಸ್ಥರು ಹೋಗುತ್ತಾರೆ. ಓಣಿಯವರು ಹೋಗುವುದು ಕಡಿಮೆ. ಹೊಸ ಗಟಾರ ಬೇಕಾದವರು ಜುಲೈ ಮಳೆಯಲ್ಲಿ ನೆನೆಯುತ್ತಾ ಅರ್ಜಿ ಕೊಡುವ ಬದಲು ಈ ಸಭೆಗೆ ಹೋಗುವುದು ಜಾಣತನ, ಯಾಕೆಂದರೆ ಜುಲೈ ಹೊತ್ತಿಗೆ ಆ ವರ್ಷದ ದುಡ್ಡು ಯಾವುದಕ್ಕೆ ಅಂತ ಗೊತ್ತಾಗಿಬಿಟ್ಟಿರುತ್ತದೆ.

## ಈ ಗಟಾರ ಯಾರದ್ದು?

ಪೆನ್ನು ಹಿಡಿಯುವ ಮೊದಲು ಇದನ್ನು ವಿಚಾರಿಸಬೇಕು. ಊರೊಳಗೆ ಇದ್ದದ್ದೆಲ್ಲ ಪಾಲಿಕೆಯದ್ದಲ್ಲ.

ಬೀದಿ ಕಂಬವನ್ನೇ ತಗೊಳ್ಳಿ. ಬಲ್ಬು ಹೋದರೆ ಪಾಲಿಕೆ ನೋಡಬೇಕು. ಅದೇ ಕಂಬದ ತಂತಿ ಜೋತು ಬಿದ್ದರೆ ಕರೆಂಟು ಕೊಡುವ ಕಂಪನಿ ಹೆಸ್ಕಾಂಗೆ ಹೇಳಬೇಕು. ಊರೊಳಗಿನ ದೊಡ್ಡ ರಸ್ತೆ ಲೋಕೋಪಯೋಗಿ ಇಲಾಖೆಯದ್ದು, ಅಂದರೆ ಪಿಡಬ್ಲ್ಯುಡಿಯದ್ದು ಇರಬಹುದು. ಸೊಲ್ಲಾಪುರ ಕಡೆಯಿಂದ ವಿಜಯಪುರ ಮೇಲೆ ಹಾದು ಹುಬ್ಬಳ್ಳಿಗೆ ಹೋಗುವುದು ರಾಷ್ಟ್ರೀಯ ಹೆದ್ದಾರಿ 52, ಅದರ ತಗ್ಗಿಗೆ ಪಾಲಿಕೆ ಮಣ್ಣು ಹಾಕುವುದಿಲ್ಲ.

ಬಾಗಲಕೋಟೆಯಲ್ಲಿ ಇನ್ನೊಂದು ಗಂಟು. ಆಲಮಟ್ಟಿ ಹಿನ್ನೀರಿಗೆ ಹಳೆ ಊರಿನ ಭಾಗ ಮುಳುಗಿದಾಗ ನವನಗರ ಎದ್ದಿತು. ಅದನ್ನು ಕಟ್ಟಿದ್ದು ನಗರಸಭೆಯಲ್ಲ, ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ. ಹಾಗಾಗಿ ನವನಗರದವರು ತಮ್ಮ ಸೆಕ್ಟರಿನ ರಸ್ತೆ, ನೀರು ಯಾರ ಕೈಯಲ್ಲಿದೆ ಅಂತ ಮೊದಲು ಕೇಳಿಕೊಳ್ಳುವುದು ಒಳ್ಳೆಯದು. ಬೆಳಗಾವಿಯ ಕ್ಯಾಂಪ್ ಪ್ರದೇಶವನ್ನು ಬಹುಕಾಲದಿಂದ ನೋಡಿಕೊಂಡು ಬಂದಿರುವುದು ಕಂಟೋನ್ಮೆಂಟ್ ಬೋರ್ಡ್, ಅಂದರೆ ಸೇನಾ ನೆಲೆಯ ಪ್ರದೇಶದ ಆಡಳಿತ ಮಂಡಳಿ. ರಸ್ತೆಯ ಈ ಬದಿ ಪಾಲಿಕೆ, ಆ ಬದಿ ಬೋರ್ಡ್ ಅನ್ನುವಂಥ ಜಾಗಗಳೂ ಅಲ್ಲಿವೆ.

ಗೊತ್ತಾಗಲಿಲ್ಲ ಅಂದರೆ ವಾಟರ್‌ಮನ್ ಅಥವಾ ನಿಮ್ಮ ವಾರ್ಡಿನ ಪೌರಕಾರ್ಮಿಕರನ್ನು ಕೇಳಿ. ಯಾವ ಗಟಾರ ಯಾರದ್ದು, ಯಾವ ವಾಲ್ವ್ ಎಲ್ಲಿದೆ ಅಂತ ಅವರಷ್ಟು ಬಲ್ಲವರು ಕಚೇರಿಯಲ್ಲಿ ಸಿಗುವುದು ಕಷ್ಟ.

## ಬರೆಯುವುದು

ದವಾಖಾನೆಗೆ ಹೋಗಿ "ಮೈಯಾಗ ಆರಾಮಿಲ್ರಿ" ಅಂದರೆ ಡಾಕ್ಟರು ಏನು ಮಾಡಬೇಕು? ಎಲ್ಲಿ ನೋವು, ಯಾವಾಗಿನಿಂದ, ಏನು ತಿಂದಿರಿ ಅಂತ ಒಂದೊಂದಾಗಿ ಕೇಳಿ ಹೊರತೆಗೆಯುತ್ತಾರೆ. ಕಚೇರಿಯಲ್ಲಿ ಹಾಗೆ ಕೇಳುವವರು ಇಲ್ಲ. ನೀವೇ ಬರೆದಿರಬೇಕು.

ನಮ್ಮ ಮೊದಲ ಅರ್ಜಿ ಹೀಗಿತ್ತು: "ನಮ್ಮ ಓಣಿಯಲ್ಲಿ ಸ್ವಚ್ಛತೆ ಇಲ್ಲ. ಜನರು ಬಹಳ ತೊಂದರೆಯಲ್ಲಿದ್ದಾರೆ. ತಾವು ದಯವಿಟ್ಟು ಕೂಡಲೇ ಕ್ರಮ ಕೈಗೊಳ್ಳಬೇಕು." ಓದಿದರೆ ಕರುಳು ಚುರ್ ಅನ್ನಬಹುದು, ಆದರೆ ಎಂಜಿನಿಯರು ಟೇಪು ಹಿಡಿದು ಎಲ್ಲಿಗೆ ಬರಬೇಕು ಅನ್ನೋದೇ ಅದರಲ್ಲಿ ಇರಲಿಲ್ಲ.

ಎರಡನೆಯದರಲ್ಲಿ ವಿಷಯ ಅನ್ನೋ ಕಡೆಯಲ್ಲೇ ವಾರ್ಡ್ ನಂಬರ್, ಓಣಿಯ ಹೆಸರು, "ಮುಚ್ಚಿಹೋದ ಗಟಾರ ಸ್ವಚ್ಛಗೊಳಿಸುವ ಕುರಿತು" ಅಂತ ಬರೆದೆವು. ಕೆಳಗೆ ಇಷ್ಟೇ: ಹಿಟ್ಟಿನ ಗಿರಣಿಯಿಂದ ಗುಡಿಯ ಕಟ್ಟೆ ತನಕ ಸುಮಾರು 60 ಅಡಿ ಗಟಾರ ಹೂಳು ತುಂಬಿದೆ, ಮೂರು ವಾರದಿಂದ ಮಳೆ ಬಂದಾಗಲೆಲ್ಲ ಒಂಬತ್ತು ಮನೆಗಳಿಗೆ ನೀರು ನುಗ್ಗುತ್ತಿದೆ, ಹೂಳು ತೆಗೆಸಬೇಕು, ಒಡೆದ ಎರಡು ಕಲ್ಲು ಬದಲಿಸಬೇಕು. ಫೋಟೋ ಎರಡು. ಸಂಪರ್ಕಕ್ಕೆ ಒಬ್ಬರ ಫೋನ್ ನಂಬರ್. ನಾಯಿ ಕಾಟದ ಬಗ್ಗೆ ಬೇರೆ ಹಾಳೆ.

ಅರ್ಜಿಯನ್ನು ಹೆಸರಿಗಲ್ಲ, ಹುದ್ದೆಗೆ ಬರೆಯಬೇಕು. ಸಾಹೇಬರು ವರ್ಗವಾಗಿ ಹೋಗುತ್ತಾರೆ, ಖುರ್ಚಿ ಅಲ್ಲೇ ಇರುತ್ತದೆ.

ಸಹಿ ಎಷ್ಟು ಬೇಕು? ಒಂದೇ ಸಾಕು. ಇಷ್ಟು ಸಹಿ ಇದ್ದರೆ ಮಾತ್ರ ಅರ್ಜಿ ತಗೊಳ್ಳಬೇಕು ಅನ್ನುವ ನಿಯಮ ಇಲ್ಲ. ಆದರೆ ಹತ್ತು ಜನ ಸಹಿಯ ಮುಂದೆ ಮನೆ ನಂಬರ್ ಬರೆದಿದ್ದರೆ ಅದಕ್ಕೆ ತೂಕ ಬರುತ್ತದೆ. ಗೀಚು ಸಹಿ ಇನ್ನೂರು ಇದ್ದರೂ ಅಷ್ಟು ತೂಕ ಬರುವುದಿಲ್ಲ.

## ಟಪಾಲು, ಅಲ್ಲಿಂದ ಮುಂದೆ

ಪ್ರತಿ ಕಚೇರಿಯಲ್ಲಿ ಆವಕ-ಜಾವಕ ಅಂತ ಒಂದು ಮೇಜು ಇರುತ್ತದೆ. ಟಪಾಲು ಶಾಖೆ ಅಂತಲೂ ಕರೆಯುತ್ತಾರೆ. ಬಂದ ಕಾಗದ ಅಲ್ಲಿಯ ಪುಸ್ತಕದಲ್ಲಿ ದಾಖಲಾಗಿ ನಂಬರ್ ಬೀಳುತ್ತದೆ. ಗಿರಣಿಗೆ ಜೋಳ ಒಯ್ದಾಗ ಡಬ್ಬಿ ಮೇಲೆ ಹೆಸರು ಬರೆದಿಟ್ಟು ಬರುತ್ತೇವಲ್ಲ, ಹಾಗೆ. ಹೆಸರಿಲ್ಲದ ಡಬ್ಬಿ ಇಟ್ಟು ಬಂದು ಸಂಜೆ ಹೋಗಿ "ನಮ್ಮ ಹಿಟ್ಟು ಯಾವುದ್ರೀ" ಅಂದರೆ ಗಿರಣಿಯವರು ಏನಂತ ಹೇಳುತ್ತಾರೆ?

ಎರಡು ಪ್ರತಿ ಒಯ್ಯಿರಿ. ಒಂದು ಅವರಿಗೆ. ಇನ್ನೊಂದರ ಮೇಲೆ ಸೀಲು, ತಾರೀಖು, ನಂಬರ್ ಹಾಕಿಸಿಕೊಂಡು ಮನೆಗೆ ತನ್ನಿ. ಇದೇ ಸ್ವೀಕೃತಿ. ಮೇಯರಿಗೆ, ಆಯುಕ್ತರಿಗೆ ಕೈಯಲ್ಲೇ ಕೊಟ್ಟು ಫೋಟೋ ತೆಗೆಸಿಕೊಂಡರೂ ಪರವಾಗಿಲ್ಲ, ಹೊರಗೆ ಬಂದು ಇನ್ನೊಂದು ಪ್ರತಿಯನ್ನು ಟಪಾಲಿಗೆ ಕೊಡಿ. ಸೀಲು ಹಾಕಲು ಒಲ್ಲೆ ಅಂದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ.

ಒಳಗೆ ಏನಾಗುತ್ತದೆ? ಅರ್ಜಿ ಮುಖ್ಯ ಅಧಿಕಾರಿಯ ಮೇಜಿಗೆ ಹೋಗುತ್ತದೆ. ಅವರು ಮೂಲೆಯಲ್ಲಿ ಯಾವ ಶಾಖೆಗೆ ಅಂತ ಗೀಚುತ್ತಾರೆ. ಕಸ, ಹೂಳು ಆದರೆ ಆರೋಗ್ಯ ಶಾಖೆಗೆ. ಕಟ್ಟುವ ಕೆಲಸ ಆದರೆ ಎಂಜಿನಿಯರಿಂಗ್ ಶಾಖೆಗೆ. ಅಲ್ಲಿ ಗುಮಾಸ್ತರು ಕಡತ ತೆರೆದು ಟಿಪ್ಪಣಿ ಬರೆಯುತ್ತಾರೆ, ಎಂಜಿನಿಯರು ಸ್ಥಳ ನೋಡಿ ಅಂದಾಜು ಪಟ್ಟಿ ಮಾಡುತ್ತಾರೆ. ಹಾಗಾಗಿ ಎರಡನೇ ಸಲ ಹೋದಾಗ "ನಮ್ಮ ಅರ್ಜಿ ಏನಾತ್ರಿ" ಅಂತ ಕೇಳಬೇಡಿ. "ಈ ನಂಬರಿನ ಕಡತ ಯಾವ ಶಾಖೆಯಾಗ ಐತ್ರಿ" ಅಂತ ಕೇಳಿ. ಗೊತ್ತಿರುವವರು ಬಂದಿದ್ದಾರೆ ಅಂತ ಎದುರಿನವರಿಗೂ ಅನಿಸುತ್ತದೆ.

ಕೊನೆಗೆ ಬರುವ ಲಿಖಿತ ಉತ್ತರಕ್ಕೆ ಹಿಂಬರಹ ಅಂತ ಹೆಸರು. ಆಗುವುದಿಲ್ಲ ಅಂದರೂ ಕಾರಣ ಬರೆದು ಹಿಂಬರಹ ಕೊಡಿ ಅಂತ ಅರ್ಜಿಯಲ್ಲೇ ಕೇಳಿ. "ಆಗಲ್ಲ" ಅನ್ನುವ ಹಿಂಬರಹಕ್ಕೂ ಬೆಲೆ ಇದೆ. ಮೇಲಿನವರ ಹತ್ತಿರ ಹೋಗುವಾಗ ತೋರಿಸಲು ಒಂದು ಕಾಗದವಾದರೂ ಕೈಯಲ್ಲಿ ಇರುತ್ತದೆ.

## ಸಭೆಯ ತನಕ

ಹೊಸ ಕೆಲಸದ ಮನವಿ ಸಾಮಾನ್ಯ ಸಭೆಗೆ ಹೋಗಬೇಕು. ಪಾಲಿಕೆ, ನಗರಸಭೆಯಲ್ಲಿ ತಿಂಗಳಿಗೊಮ್ಮೆ ಸಾಮಾನ್ಯ ಸಭೆ ಆಗಬೇಕು ಅನ್ನೋದು ಲೆಕ್ಕ. ಸಭೆಗೆ ಮುಂಚೆ ಸದಸ್ಯರಿಗೆ ನೋಟಿಸು, ಅದರ ಜೊತೆ ಅಜೆಂಡಾ ಹೋಗುತ್ತದೆ. ಅಜೆಂಡಾದಲ್ಲಿ ವಿಷಯ ಇಲ್ಲದಿದ್ದರೆ ಸದಸ್ಯರು ಎದ್ದು ಕೂಗಾಡಬಹುದು, ಆದರೆ ತೀರ್ಮಾನ ಆಗುವುದು ಕಷ್ಟ.

ಆದ್ದರಿಂದ ವಾರ್ಡಿನ ಮೆಂಬರ್ರನ್ನು ಸಭೆಯ ಹಿಂದಿನ ದಿನ ಹಿಡಿದರೆ ತಡವಾಯಿತು. ನೋಟಿಸು ಹೊರಡುವ ಮೊದಲೇ ಅವರ ಕೈಗೆ ಸೀಲು ಬಿದ್ದ ಅರ್ಜಿಯ ಜೆರಾಕ್ಸ್ ಕೊಟ್ಟು, "ಇದನ್ನ ಅಜೆಂಡಾದಾಗ ತರಸ್ರಿ ಅಣ್ಣಾರ" ಅನ್ನಬೇಕು. ಜೊತೆಗೆ ಒಂದೇ ಸಾಲಿನ ಪ್ರಶ್ನೆ ಬರೆದು ಕೊಡಿ: "ಇಂಥ ತಾರೀಖಿನ, ಇಂಥ ನಂಬರಿನ ಅರ್ಜಿಯ ಮೇಲೆ ಏನು ಕ್ರಮ ಆಗಿದೆ?" ಉದ್ದುದ್ದ ಕಥೆಗೆ ಅಧಿಕಾರಿಗಳು ಅಷ್ಟೇ ಉದ್ದದ ಕಥೆಯನ್ನು ಉತ್ತರವಾಗಿ ಹೇಳಿಬಿಡಬಹುದು. ನಂಬರಿನ ಪ್ರಶ್ನೆಗೆ ಹಾಗೆ ಮಾಡಲು ಆಗುವುದಿಲ್ಲ.

ಸಭೆ ಒಪ್ಪಿದರೆ ಅದು ಠರಾವು. ಸಭೆಯಲ್ಲಿ ಆದದ್ದನ್ನೆಲ್ಲ ಬರೆದಿಡುವ ದಾಖಲೆ ನಡಾವಳಿ. ಠರಾವು ಆಯಿತು ಅಂದರೆ ಮರುದಿನವೇ ಜೆಸಿಬಿ ಬರುತ್ತದೆ ಅಂತಲ್ಲ. ಅನುದಾನ, ಟೆಂಡರು, ಕಾಮಗಾರಿ ಆದೇಶ ಎಲ್ಲ ಆಗಬೇಕು. ಆದರೆ ಠರಾವಿನ ನಂಬರ್ ಸಿಕ್ಕರೆ ನಿಮ್ಮ ಕೇಳಿಕೆ ಪಾಲಿಕೆಯದೇ ತೀರ್ಮಾನ ಆದ ಹಾಗೆ.

ಚುನಾಯಿತ ಸದಸ್ಯರೇ ಇಲ್ಲದ ಕಾಲವೂ ಬರುತ್ತದೆ. ಅವಧಿ ಮುಗಿದು ಚುನಾವಣೆ ತಡವಾದರೆ ಸರ್ಕಾರ ಆಡಳಿತಾಧಿಕಾರಿಯನ್ನು ನೇಮಿಸುತ್ತದೆ. ಆಗ ಸಭೆಯ ಅಧಿಕಾರ ಅವರ ಕೈಯಲ್ಲಿ. ಮನವಿಯನ್ನು ಅವರಿಗೇ ಬರೆಯಬೇಕು.

## "ಯಾಕೆ" ಅಂತ ಕೇಳಬೇಡಿ

ಜನ ನೇರವಾಗಿ ಪ್ರಶ್ನೆ ಕೇಳಬಹುದಾದ ಗಟ್ಟಿ ದಾರಿ 2005ರ ಮಾಹಿತಿ ಹಕ್ಕು ಕಾಯ್ದೆ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. 30 ದಿನದೊಳಗೆ ಉತ್ತರ ಬರಬೇಕು. ಬರದಿದ್ದರೆ ಅಥವಾ ಸಮಾಧಾನ ಆಗದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ 30 ದಿನದೊಳಗೆ ಮೊದಲ ಮೇಲ್ಮನವಿ, ಅದೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ.

ಎಡವುವುದು ಪ್ರಶ್ನೆಯ ರೂಪದಲ್ಲಿ. ಈ ಕಾಯ್ದೆ ಕೊಡುವುದು ಕಚೇರಿಯಲ್ಲಿ ಇರುವ ದಾಖಲೆಯನ್ನು. ಅಭಿಪ್ರಾಯವನ್ನಲ್ಲ, ವಿವರಣೆಯನ್ನೂ ಅಲ್ಲ. "ನಮ್ಮ ಗಟಾರ ಯಾಕೆ ಕಟ್ಟಿಲ್ಲ?" ಅಂದರೆ "ಇಂಥ ಮಾಹಿತಿ ಲಭ್ಯವಿಲ್ಲ" ಅಂತ ಒಂದೇ ಸಾಲಲ್ಲಿ ಮುಗಿಸಬಹುದು. ಅದನ್ನೇ ಹೀಗೆ ಕೇಳಿ: ಇಂಥ ವಾರ್ಡಿನ ಇಂಥ ಗಟಾರದ ಅಂದಾಜು ಪಟ್ಟಿ, ಕಾಮಗಾರಿ ಆದೇಶ, ಅಳತೆ ಪುಸ್ತಕ, ಬಿಲ್ಲು ಪಾವತಿ ಇವುಗಳ ದೃಢೀಕೃತ ಪ್ರತಿ ಕೊಡಿ. ಅಳತೆ ಪುಸ್ತಕವನ್ನು ಕಚೇರಿಯಲ್ಲಿ ಎಂ.ಬಿ. ಅಂತಾರೆ. ಎಷ್ಟು ಅಡಿ ಕೆಲಸ ಆಯಿತು ಅಂತ ಎಂಜಿನಿಯರು ಅಳೆದು ಬರೆಯುವುದು ಅದರಲ್ಲೇ. ಪುಸ್ತಕದಲ್ಲಿ 60 ಅಡಿ, ನೆಲದ ಮೇಲೆ 40 ಅಡಿ ಇದ್ದರೆ "ಯಾಕೆ" ಅಂತ ನೀವು ಕೇಳಬೇಕಾಗಿಯೇ ಇಲ್ಲ. ಪ್ರತಿಗಳಿಗೆ ಪುಟಕ್ಕೆ 2 ರೂಪಾಯಿ. ಬೇಕಿದ್ದರೆ ಕಾಮಗಾರಿಯನ್ನೇ ಪರಿಶೀಲಿಸುವ ಹಕ್ಕೂ ಈ ಕಾಯ್ದೆಯಲ್ಲಿದೆ.

## ಉತ್ತರವೇ ಬರದಿದ್ದರೆ

ಸೇವೆಯ ಅರ್ಜಿಗೆ ಸಕಾಲ ಇದೆ. 2011ರ ಕಾಯ್ದೆ, 2012ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಪಟ್ಟಿಯಲ್ಲಿರುವ ಪ್ರತಿ ಸೇವೆಗೂ ಇಂತಿಷ್ಟು ದಿನ ಅಂತ ಗಡುವು. ದಾಟಿದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ತನಕ ಅರ್ಜಿದಾರರಿಗೆ ಪರಿಹಾರ ಸಿಗಬೇಕು. ಖಾತೆಗೆ, ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ಟಾಗ ಸಕಾಲ ನಂಬರ್ ಕೇಳಿ ತಗೊಳ್ಳಿ. ಹೊಸ ಗಟಾರ ಮಾತ್ರ ಸಕಾಲದಲ್ಲಿ ಬರುವುದಿಲ್ಲ.

ದೂರಿಗೆ ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902. ಅಲ್ಲೂ ಒಂದು ನಂಬರ್ ಕೊಡುತ್ತಾರೆ, ಬರೆದಿಟ್ಟುಕೊಳ್ಳಿ. ಅದರ ಮೇಲೆ ಜಿಲ್ಲಾಧಿಕಾರಿ ಇದ್ದಾರೆ, ಅವರ ಅಹವಾಲು ಸಭೆ ಇದೆ. ಲಂಚ ಕೇಳಿದರೆ, ಬೇಕಂತಲೇ ಕಡತ ಮುಚ್ಚಿಟ್ಟರೆ ಲೋಕಾಯುಕ್ತಕ್ಕೆ ಹೋಗಬಹುದು. ಆದರೆ ಎಲ್ಲಿಗೆ ಹೋದರೂ ಮೊದಲು ಕೇಳುವುದು ಒಂದೇ: ಕೆಳಗೆ ಕೊಟ್ಟ ಅರ್ಜಿಯ ಪ್ರತಿ ತೋರಿಸಿ.

ನಮ್ಮ ಓಣಿಯ ಎರಡನೇ ಅರ್ಜಿಗೆ ನಂಬರ್ ಬಿತ್ತು. ಹದಿನೆಂಟನೇ ದಿನ ಎಂಜಿನಿಯರು ಟೇಪು ಹಿಡಿದು ಬಂದರು. ಒಂದು ತುದಿ ಗಿರಣಿಯ ಗೋಡೆಗೆ ನಾನೇ ಹಿಡಿದೆ. ನಲವತ್ತು ಅಡಿಗೆ ಅವರು ನಿಂತರು. "ಇಲ್ಲೀ ತನಕ ನಮ್ದ್ರಿ. ಇಲ್ಲಿಂದ ಗುಡಿ ತನಕ ಪಿಡಬ್ಲ್ಯುಡಿ ರಸ್ತೇದು." ಮುಂದಿನ ವಾರ ನಲವತ್ತು ಅಡಿಯ ಹೂಳು ಎತ್ತಿದರು. ಉಳಿದ ಇಪ್ಪತ್ತು ಅಡಿಗೆ ಹೊಸ ಅರ್ಜಿ ಬರೆದಿದ್ದೇವೆ, ಎರಡು ಪ್ರತಿ.